ದನಿ ಇಳಿಯಿತು, ರಾಗ ಉಳಿಯಿತು

ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸಿದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರರಲ್ಲಿ ಯಾವ ತಾಲ್ಲೂಕಿನ ಹೈಸ್ಕೂಲಿನ ಅಂಗಳಕ್ಕೆ ಹೋಗಿ ನಿಂತರೂ ಒಂದು ನೋಟ ತಪ್ಪದೆ ಕಾಣುತ್ತದೆ. ಕಳೆದ ವರ್ಷ ಎಲ್ಲರ ಮುಂದೆ ನಿಂತು ನಾಡಗೀತೆ ಹೇಳಿಕೊಡುತ್ತಿದ್ದ ಹುಡುಗ ಈ ವರ್ಷ ಹಿಂದಿನ ಸಾಲಿಗೆ ಸರಿದಿದ್ದಾನೆ. ಬರೀ ತುಟಿ ಅಲ್ಲಾಡಿಸುತ್ತಾನೆ, ದನಿ ಹೊರಡಿಸುವುದಿಲ್ಲ. ಮೊನ್ನೆ ತರಗತಿಯಲ್ಲಿ ಪದ್ಯ ಓದಲು ಎದ್ದಾಗ ದನಿ ಒಮ್ಮೆ ಮೇಲೆ ಹಾರಿ ಒಮ್ಮೆ ಕೆಳಗೆ ಬಿತ್ತು. "ಯಾಕಲೇ, ಕೋಣ ಒದರಿದಂಗ ಒದರ್ತಿ?" ಎಂದು ಹಿಂದಿನ ಬೆಂಚು ನಕ್ಕಿತು. ಅಂದಿನಿಂದ ಅವನ ಬಾಯಿ ಕಟ್ಟಿತು. ಹೆಣ್ಣುಮಕ್ಕಳ ಸಾಲಿನಲ್ಲಿಯೂ ಇಂಥ ಒಬ್ಬಳಿರುತ್ತಾಳೆ. ಹುಟ್ಟಿನಿಂದಲೇ ಅವಳದು ದಪ್ಪ ದನಿ. "ಗಂಡು ದನಿ" ಎಂದು ಮನೆಯವರೇ ಹೆಸರಿಟ್ಟ ಮೇಲೆ ಅವಳು ಹಾಡುವುದಿರಲಿ, ಗಟ್ಟಿಯಾಗಿ ಪ್ರಶ್ನೆ ಕೇಳುವುದನ್ನೂ ಬಿಟ್ಟಿದ್ದಾಳೆ.

ದನಿ ಕೆಟ್ಟರೆ ಹಾಡು ಕೆಟ್ಟಂತೆಯೇ? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲೇ ಒಬ್ಬ ತಾಯಿ ತಮ್ಮ ಇಡೀ ಬದುಕಿನಿಂದ ಉತ್ತರ ಕೊಟ್ಟು ಹೋಗಿದ್ದಾರೆ. ಅವರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ಅವರ ಉತ್ತರದಲ್ಲಿ ಸಂಗೀತದಷ್ಟೇ ವಿಜ್ಞಾನವೂ ಇದೆ.

ಶುಕ್ರವಾರಪೇಟೆಯ ಹುಡುಗಿ

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ ಒಕ್ಕಲುತನದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಶುಕ್ರವಾರಪೇಟೆಯ ಓಣಿಯಲ್ಲಿ ಆ ಮನೆಯ ಹಾಡು ಎಲ್ಲರಿಗೂ ಬೇಕಿತ್ತು, ಆದರೆ ಆ ಮನೆಯವರು ಬೇಕಿರಲಿಲ್ಲ. ಹಾಡುವವರ ಮನೆತನ ಎಂದರೆ ಆಗಿನ ಸಮಾಜದ ಕಣ್ಣಿಗೆ ಕೀಳು. ಹುಡುಗಿ ಬೀದಿಯಲ್ಲಿ ಹೊರಟರೆ 'ಗಾನೇವಾಲಿ' ಎಂಬ ಚುಚ್ಚುಮಾತು ಬೆನ್ನಿಗೆ ಬೀಳುತ್ತಿತ್ತು.

ಚಿಕ್ಕಂದಿನಲ್ಲಿ ಒಮ್ಮೆ ಅವರು ನೆರೆಯ ಶ್ರೀಮಂತರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕಿತ್ತರು. ಸಿಕ್ಕಿಬಿದ್ದಾಗ ಬೈಗುಳವೂ ಸಿಕ್ಕಿತು. ಆದರೆ ಆ ಮನೆಯವರಿಗೆ ಸಿಟ್ಟು ಬಂದದ್ದು ಕಾಯಿ ಕದ್ದದ್ದಕ್ಕಲ್ಲ, ಹಾಡುವವಳ ಮಗಳು ತಮ್ಮ ತೋಟದಲ್ಲಿ ಕಾಲಿಟ್ಟದ್ದಕ್ಕೆ. ಮುಂದೆ ಹೆಸರು ಬಂದ ಮೇಲೆ ಅದೇ ಜನ ಮನೆಗೆ ಕರೆದು ಊಟಕ್ಕೆ ಹಾಕಿದ್ದನ್ನು ಗಂಗೂಬಾಯಿ ನಗುತ್ತಲೇ ಹೇಳುತ್ತಿದ್ದರು.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂ ಕೂಡ ಇದ್ದಳು. ಶಾಲೆ ಐದನೇ ಇಯತ್ತೆಗೆ ನಿಂತಿತು, ಹಾಡು ನಿಲ್ಲಲಿಲ್ಲ.

ತಾಯಿ ಮಾಡಿದ ತ್ಯಾಗ

ಪಾಲಕರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಅಂಬಾಬಾಯಿಯವರ ಹಾಡಿಕೆಯನ್ನು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರೇ ಮೆಚ್ಚಿ ಕೇಳುತ್ತಿದ್ದರು. ಮಗಳ ಒಲವು ಮಾತ್ರ ಹಿಂದೂಸ್ತಾನಿ ಸಂಗೀತದ ಕಡೆಗಿತ್ತು. ಎರಡೂ ಪದ್ಧತಿಗಳಲ್ಲಿ ಇರುವ ಸ್ವರಗಳು ಏಳೇ. ಆದರೆ ಸ್ವರ ಹಚ್ಚುವ ರೀತಿ ಬೇರೆ, ಗಮಕ ಬೇರೆ, ನಡೆ ಬೇರೆ. ಬೆಳೆಯುವ ಕಿವಿಯ ಮೇಲೆ ದಿನವಿಡೀ ಎರಡೂ ಬಿದ್ದರೆ ಮಗಳಿಗೆ ಗೊಂದಲವಾದೀತು ಎಂದು ಆ ತಾಯಿ ಬಗೆದರು. ತಮ್ಮ ಕರ್ನಾಟಕ ಸಂಗೀತವನ್ನು ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಮಗಳ ಕಲಿಕೆಗಾಗಿ 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದು ನೆಲೆಸಿತು. ಹುಲಗೂರು ಕೃಷ್ಣಾಚಾರ್ಯ, ದತ್ತೋಪಂತ ದೇಸಾಯಿ ಅವರಲ್ಲಿ ಮೊದಲ ಪಾಠಗಳಾದವು. ಮಗಳ ಹೆಸರು ಬೆಳಗುವುದನ್ನು ನೋಡುವ ಭಾಗ್ಯ ತಾಯಿಗೆ ಇರಲಿಲ್ಲ. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಅಷ್ಟರೊಳಗೆ ಗಂಗೂಬಾಯಿ ತಮ್ಮ ಹದಿನಾರನೇ ವಯಸ್ಸಿನಲ್ಲಿ ವಕೀಲರಾದ ಗುರುರಾವ್ ಕೌಲಗಿಯವರ ಬಾಳಸಂಗಾತಿಯಾಗಿದ್ದರು. ಮುಂದೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇರುವ ಸಂಸಾರದ ಭಾರ ಅವರ ಹಾಡಿಕೆಯ ಮೇಲೆಯೇ ಬಿತ್ತು.

ಕುಂದಗೋಳದ ರೈಲು

ಅವರ ನಿಜವಾದ ಗುರು ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಭಾವು (1886-1952). ಅಬ್ದುಲ್ ಕರೀಂ ಖಾನರ ಶಿಷ್ಯರು. ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಹಾಕಿ, ರಂಗದ ಮೇಲೆ ಹಾಡಿ ಹೆಸರಾದವರು. ಅವರು ಊರೂರು ತಿರುಗುತ್ತಿದ್ದುದರಿಂದ ಪಾಠ ಬಿಟ್ಟು ಬಿಟ್ಟು ನಡೆಯುತ್ತಿತ್ತು. ಗುರುಗಳು ಬಂದು ಊರಲ್ಲಿ ನಿಂತಾಗ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗುವರು. ದೂರ ಸುಮಾರು ಇಪ್ಪತ್ತು ಕಿಲೋಮೀಟರು. ಪಾಠ ಮುಗಿಸಿ ರಾತ್ರಿಯ ರೈಲಿಗೆ ಹಿಂದಿರುಗುವರು. ಗದುಗಿನ ಒಬ್ಬ ಹುಡುಗ ಆಗ ಗುರುಗಳ ಮನೆಯಲ್ಲೇ ಇದ್ದು ಕಲಿಯುತ್ತಿದ್ದ. ಕತ್ತಲಲ್ಲಿ ಸ್ಟೇಶನ್ನಿನವರೆಗೆ ಅವರನ್ನು ಕಳಿಸಿಬರುವ ಕೆಲಸ ಅವನದು. ಅವನೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ.

ಗುರುಗಳ ಪಾಠ ಬಲು ನಿಧಾನ. ಒಂದೇ ಸ್ವರಸಮೂಹವನ್ನು ದಿನಗಟ್ಟಲೆ ಹಾಡಿಸುವರು. ಜಿಪುಣ ತನ್ನ ದುಡ್ಡನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರವನ್ನು ಬಳಸಬೇಕು, ಕೇಳುವವನಿಗೆ ಒಂದೊಂದರ ಬೆಲೆಯೂ ತಿಳಿಯಬೇಕು ಎಂಬುದು ಆ ಪಾಠದ ಸಾರ. ಹೀಗೆ ಹದಿಮೂರು ವರ್ಷಗಳ ಕಲಿಕೆ ನಡೆಯಿತು. ಈ ನಿಧಾನದ ಪಾಠವನ್ನು ನೆನಪಿನಲ್ಲಿ ಇಡಿ. ಮುಂದೆ ಅವರ ಕೈ ಹಿಡಿದದ್ದು ಅದೇ.

ದನಿ ಇಳಿದ ದಿನಗಳು

1930ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಗಂಗೂಬಾಯಿಯವರದು ಎಳೆಯ, ತೆಳುವಾದ, ಮೇಲಿನ ಸ್ವರಗಳಲ್ಲಿ ಸಲೀಸಾಗಿ ಹರಿಯುವ ಹೆಣ್ಣುದನಿ. 'ಗಾಂಧಾರಿ' ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಮಾರಾಟವಾದವು. ಆಮೇಲೆ ಗಂಟಲಿನ ಟಾನ್ಸಿಲ್ ತೊಂದರೆ ಬಂತು, ಶಸ್ತ್ರಚಿಕಿತ್ಸೆಯಾಯಿತು. ಅದರ ನಂತರ ದನಿ ಮೊದಲಿನಂತಾಗಲಿಲ್ಲ. ದಪ್ಪವಾಯಿತು, ಭಾರವಾಯಿತು, ಕೆಳಕ್ಕೆ ಇಳಿಯಿತು. ರೇಡಿಯೋದಲ್ಲಿ ಮೊದಲ ಸಲ ಕೇಳಿದವರಿಗೆ ಹಾಡುತ್ತಿರುವುದು ಗಂಡಸೋ ಹೆಂಗಸೋ ತಿಳಿಯದಂಥ ದನಿ. ಹಾಡಿನಿಂದಲೇ ಮನೆ ನಡೆಸುವ ಹೆಣ್ಣುಮಗಳಿಗೆ ಇದು ಎಂಥ ಆಘಾತ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದನಿ ಹುಟ್ಟುವ ಬಗೆಯನ್ನು ಇಲ್ಲಿ ನೋಡೋಣ. ಕೊರಳಿನ ಮುಂಭಾಗದಲ್ಲಿ ಗಂಟಲಮಣಿಯ ಹಿಂದೆ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎರಡು ಮೆತ್ತನೆಯ ಮಡಿಕೆಗಳಿವೆ. ಅವೇ ಧ್ವನಿತಂತುಗಳು. ಶ್ವಾಸಕೋಶದಿಂದ ಬರುವ ಗಾಳಿ ಇವುಗಳ ನಡುವೆ ನುಗ್ಗಿದಾಗ ಅವು ಕಂಪಿಸುತ್ತವೆ. ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆಯೋ ಅದೇ ದನಿಯ ಆವೃತ್ತಿ. ಅದರ ಮಾನ ಹರ್ಟ್ಸ್. ಮಾತಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನವು ಸುಮಾರು 200 ಸಲ, ಚಿಕ್ಕ ಮಕ್ಕಳವು ಇನ್ನೂ ಹೆಚ್ಚು ಸಲ ಕಂಪಿಸುತ್ತವೆ.

ತಂಬೂರಿಯ ನಾಲ್ಕು ತಂತಿಗಳಲ್ಲಿ ಖರ್ಜದ ತಂತಿ ಎಲ್ಲಕ್ಕಿಂತ ದಪ್ಪ, ಅದರ ನಾದ ಎಲ್ಲಕ್ಕಿಂತ ಕೆಳಗೆ. ತಂತಿ ಉದ್ದವಾದಷ್ಟೂ ದಪ್ಪವಾದಷ್ಟೂ ಅದು ನಿಧಾನವಾಗಿ ಕಂಪಿಸುತ್ತದೆ, ಬಿಗಿದಷ್ಟೂ ಬೇಗ ಕಂಪಿಸುತ್ತದೆ. ಕೊರಳಿನಲ್ಲಿಯೂ ನಿಯಮ ಇದೇ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆದು ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಆಗ ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹೊಸ ಅಳತೆಯ ತಂತುಗಳನ್ನು ಹಿಡಿತಕ್ಕೆ ತರಲು ಸ್ನಾಯುಗಳಿಗೆ ಕೆಲವು ತಿಂಗಳು ಬೇಕು. ಅಷ್ಟು ದಿನ ದನಿ ಒಡೆಯುತ್ತದೆ. ಹೆಣ್ಣುಮಕ್ಕಳ ದನಿಯೂ ಈ ವಯಸ್ಸಿನಲ್ಲಿ ಇಳಿಯುತ್ತದೆ. ಆದರೆ ಆ ಇಳಿತ ಕಡಿಮೆ, ಆದ್ದರಿಂದ ಕಿವಿಗೆ ಬೀಳುವುದಿಲ್ಲ. ಹಿಂದಿನ ಸಾಲಿಗೆ ಸರಿದ ಹುಡುಗನ ಕೊರಳಿನಲ್ಲಿ ನಡೆದಿರುವುದು ಇಷ್ಟೇ. ಅದು ರೋಗವಲ್ಲ, ಬೆಳವಣಿಗೆ.

ಗಂಗೂಬಾಯಿಯವರ ದನಿ ಇಳಿದದ್ದು ಬೆಳವಣಿಗೆಯಿಂದಲ್ಲ. ಟಾನ್ಸಿಲ್‌ಗಳು ಇರುವುದು ಬಾಯಿಯ ಹಿಂಭಾಗದಲ್ಲಿ, ಧ್ವನಿತಂತುಗಳು ಇರುವುದು ಅದಕ್ಕಿಂತ ಕೆಳಗೆ. ಸಾಮಾನ್ಯವಾಗಿ ಟಾನ್ಸಿಲ್ ತೆಗೆದ ಮಾತ್ರಕ್ಕೆ ದನಿ ಗಂಡಸಿನಂತಾಗುವುದಿಲ್ಲ. ಆದ್ದರಿಂದ ವೈದ್ಯರು ಶಸ್ತ್ರಚಿಕಿತ್ಸೆ ಬೇಕೆಂದಾಗ ಪಾಲಕರು ಈ ಕಾರಣಕ್ಕೆ ಹೆದರಬೇಕಾಗಿಲ್ಲ. ಅವರ ಪಾಲಿಗೆ ಮಾತ್ರ ಹಾಗಾಯಿತು. ದನಿ ಮರಳಿ ಬರಲಿಲ್ಲ.

ರಾತ್ರಿಯ ರಾಣಿ

ಈ ನಷ್ಟವನ್ನು ಅಳೆಯಲು ಯುರೋಪಿನ ಒಬ್ಬ ಗಾಯಕಿಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ 'ಆಪೆರಾ' ಎಂಬ ಗೀತನಾಟಕವಿದೆ. ನಮ್ಮ ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ಬರುತ್ತದೆ, ಆಪೆರಾದಲ್ಲಿ ಬಹುಪಾಲು ಮಾತೇ ಹಾಡಾಗಿರುತ್ತದೆ. ಅದರಲ್ಲಿ ಹೆಣ್ಣಿನ ಅತಿ ಮೇಲಿನ ದನಿಗೆ 'ಸೊಪ್ರಾನೊ' ಎನ್ನುತ್ತಾರೆ. ಸ್ಲೊವಾಕಿಯಾದ ಬ್ರಾಟಿಸ್ಲಾವಾ ನಗರದಲ್ಲಿ 1946ರಲ್ಲಿ ಹುಟ್ಟಿದ ಎಡಿಟಾ ಗ್ರುಬೆರೊವಾ ಆ ದನಿಯವರಲ್ಲಿ ಜಗತ್ಪ್ರಸಿದ್ಧರು. 1968ರಲ್ಲಿ ತಮ್ಮ ಊರಿನಲ್ಲೇ ರಂಗಕ್ಕೆ ಬಂದರು. 1970ರಲ್ಲಿ ವಿಯೆನ್ನಾದ ಸರ್ಕಾರಿ ಗೀತನಾಟಕಶಾಲೆಯಲ್ಲಿ ಮೊಟ್ಸಾರ್ಟ್ ರಚಿಸಿದ 'ಮಾಯಾ ಕೊಳಲು' ಗೀತನಾಟಕದ 'ರಾತ್ರಿಯ ರಾಣಿ'ಯ ಪಾತ್ರ ಹಾಡಿದರು. 2019ರವರೆಗೂ ರಂಗದ ಮೇಲೆ ಹಾಡಿ, 2021ರಲ್ಲಿ ತೀರಿಕೊಂಡರು.

ರಾತ್ರಿಯ ರಾಣಿಯ ಹಾಡಿನಲ್ಲಿ ಒಂದು ಕಡೆ ದನಿ ಸೆಕೆಂಡಿಗೆ ಸುಮಾರು 1,400 ಕಂಪನಗಳ ಎತ್ತರಕ್ಕೆ ಏರಬೇಕು. ಮೊಟ್ಸಾರ್ಟ್ 1791ರಲ್ಲಿ ಆ ಸ್ವರವನ್ನು ಕಾಗದದ ಮೇಲೆ ಬರೆದಿಟ್ಟು ಹೋದ. ಹಿನ್ನೆಲೆಯಲ್ಲಿ ಹತ್ತಾರು ವಾದ್ಯಗಳು ಅದೇ ಶ್ರುತಿಗೆ ಸಜ್ಜಾಗಿ ಕುಳಿತಿರುತ್ತವೆ. ಅಷ್ಟು ಎತ್ತರಕ್ಕೆ ದನಿ ಏರದಿದ್ದರೆ ಆ ಪಾತ್ರ ಬೇರೆಯವರಿಗೆ ಹೋಗುತ್ತದೆ. ಗಂಗೂಬಾಯಿಯವರಂತೆ ದನಿ ಇಳಿದ ಸೊಪ್ರಾನೊ ಗಾಯಕಿ ತನ್ನ ಪಾತ್ರಗಳನ್ನೆಲ್ಲ ಬಿಟ್ಟುಕೊಡಬೇಕಾಗುತ್ತದೆ.

ಷಡ್ಜ ಎಲ್ಲಿಟ್ಟರೂ ಷಡ್ಜವೇ

ನಮ್ಮ ಸಂಗೀತದ ಕಟ್ಟೋಣವೇ ಬೇರೆ. ನಮ್ಮ ಕಡೆಯ ಊರುಗಳಲ್ಲಿ ರಾತ್ರಿ ಭಜನೆಗೆ ಕುಳಿತವರನ್ನು ನೋಡಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತುವ ಮೊದಲು ಹಾರ್ಮೋನಿಯಂ ಮಾಸ್ತರು ಹಾಡುವವರ ಕಡೆ ತಿರುಗಿ "ಯಾವ ಪಟ್ಟಿ ಹಿಡೀಲಿ ಯಜಮಾನ್ರ? ಕರಿಯೋ ಬಿಳಿಯೋ?" ಎಂದು ಕೇಳುತ್ತಾರೆ. ಮುದುಕರು ಹಾಡಿದರೆ ಒಂದು ಪಟ್ಟಿ, ಹುಡುಗರು ಹಾಡಿದರೆ ಇನ್ನೊಂದು. ಪಟ್ಟಿ ಬದಲಾದರೂ ಪದ ಅದೇ, ಧಾಟಿ ಅದೇ. ನಮ್ಮಲ್ಲಿ 'ಸಾ' ಎಂಬುದಕ್ಕೆ ಗೊತ್ತಾದ ಎತ್ತರವಿಲ್ಲ. ಹಾಡುವವರ ಕೊರಳಿಗೆ ಎಲ್ಲಿ ಹಿತವೋ ಅಲ್ಲಿ ಅದನ್ನು ಇಟ್ಟುಕೊಳ್ಳಬಹುದು. ಉಳಿದ ಸ್ವರಗಳು ಅದರಿಂದ ಇಂತಿಷ್ಟು ದೂರ ಎಂಬುದಷ್ಟೇ ನಿಯಮ.

ಸುಲಭ ಲೆಕ್ಕವೊಂದನ್ನು ಮಾಡಿ ನೋಡಿ. ಪಂಚಮದ ಆವೃತ್ತಿ ಷಡ್ಜದ ಒಂದೂವರೆ ಪಟ್ಟು, ಮೇಲಿನ ಷಡ್ಜದ್ದು ಎರಡು ಪಟ್ಟು. 'ಸಾ' 240 ಎಂದು ಹಿಡಿದರೆ 'ಪ' 360, ಮೇಲಿನ 'ಸಾ' 480. 'ಸಾ' 160ಕ್ಕೆ ಇಳಿದರೆ 'ಪ' 240, ಮೇಲಿನ 'ಸಾ' 320. ಸಂಖ್ಯೆಗಳೆಲ್ಲ ಬದಲಾದವು. ಆದರೆ 240ಕ್ಕೆ 360 ಇರುವ ಸಂಬಂಧವೇ 160ಕ್ಕೆ 240 ಇದೆ. ಏಳನೇ ತರಗತಿಯ ಅನುಪಾತದ ಪಾಠ ಇದೇ. ನಮ್ಮ ಕಿವಿ ರಾಗವನ್ನು ಗುರುತಿಸುವುದು ಸಂಖ್ಯೆಗಳಿಂದಲ್ಲ, ಈ ಅನುಪಾತಗಳಿಂದ.

ಗಂಗೂಬಾಯಿ ಮಾಡಿದ್ದೂ ಇದನ್ನೇ. ಕಳೆದುಹೋದ ಎತ್ತರವನ್ನು ಹಿಡಿಯಲು ಕೊರಳು ಹರಿದುಕೊಳ್ಳಲಿಲ್ಲ. ಷಡ್ಜವನ್ನು ಕೆಳಗಿಳಿಸಿ ಹೊಸ ದನಿ ನಿಲ್ಲುವ ಜಾಗದಲ್ಲಿ ಇಟ್ಟರು. ಹಗುರವಾದ ಠುಮ್ರಿ, ಭಜನೆಗಳನ್ನೂ ಹಾಡುತ್ತಿದ್ದವರು ಖಯಾಲಿಗೇ ನಿಂತರು. ಗುರುಗಳು ಕಲಿಸಿದ ಆ ಜಿಪುಣನ ಲೆಕ್ಕ ಈಗ ಕೈಗೆ ಬಂತು. ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರ ಹಚ್ಚಿ, ರಾಗವನ್ನು ಕಲ್ಲು ಕಲ್ಲು ಪೇರಿಸಿ ಗೋಡೆ ಕಟ್ಟಿದಂತೆ ಕಟ್ಟಿದರು. ಇದಕ್ಕೆ ಎತ್ತರದ ದನಿ ಬೇಕಿಲ್ಲ, ಗಟ್ಟಿಯಾದ ದನಿ ಬೇಕು. ತೆಳುವಾದ ದನಿ ಹೊರಲಾರದ ಭಾರವನ್ನು ಈ ದಪ್ಪ ದನಿ ಹೊತ್ತಿತು. ಜಗತ್ತು ಇಂದು ಗುರುತಿಸುವುದು ಮೊದಲಿನ ಆ ಎಳೆಯ ದನಿಯನ್ನಲ್ಲ, ಈ ಇಳಿದ ದನಿಯನ್ನು.

ಹದಿಮೂರು ವರ್ಷ ಅವರು ಕಲಿತದ್ದು ಕೊರಳಿನಲ್ಲಿ ಇದ್ದಿದ್ದರೆ ಚಿಕಿತ್ಸೆಯ ನಂತರ ಅದೂ ಹೋಗುತ್ತಿತ್ತು. ಅದು ಇದ್ದದ್ದು ಕಿವಿಯಲ್ಲಿ, ಬುದ್ಧಿಯಲ್ಲಿ. ಆದ್ದರಿಂದ ಉಳಿಯಿತು.

ಕೊನೆಯವರೆಗೆ

ಮಗಳು ಕೃಷ್ಣಾ ಹಾನಗಲ್ ದಶಕಗಳ ಕಾಲ ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು ಜೊತೆಗೆ ಹಾಡಿದರು. ತಾಯಿಯದು ತಗ್ಗಿನ ದನಿ, ಮಗಳದು ಮೇಲಿನ ದನಿ. ತಬಲಾದಲ್ಲಿ ತಮ್ಮ ಶೇಷಗಿರಿ ಹಾನಗಲ್. ಮನ್ನಣೆಗಳು ಒಂದೊಂದಾಗಿ ಬಂದವು: 1971ರಲ್ಲಿ ಪದ್ಮಭೂಷಣ, 1973ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಐದನೇ ಇಯತ್ತೆಗೆ ಶಾಲೆ ಬಿಟ್ಟವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕಿಯಾದರು. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಇಂದು ಅವರದೇ ಹೆಸರು. ಆದರೂ ಒಂದು ಮಾತನ್ನು ಅವರು ಹೇಳದೆ ಬಿಡುತ್ತಿರಲಿಲ್ಲ. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂವಾದರೆ ಪಂಡಿತನಾಗುತ್ತಾನೆ, ಹೆಂಗಸು ಮಾತ್ರ ಎಷ್ಟು ದೊಡ್ಡವಳಾದರೂ 'ಬಾಯಿ'ಯಾಗಿಯೇ ಉಳಿಯುತ್ತಾಳೆ ಎಂದು. ಶುಕ್ರವಾರಪೇಟೆಯ ಚುಚ್ಚುಮಾತನ್ನು ಅವರು ಮರೆತಿರಲಿಲ್ಲ.

2003ರಲ್ಲಿ ಅವರಿಗೇ ಮೂಳೆಮಜ್ಜೆಯ ಕ್ಯಾನ್ಸರ್ ಬಂತು. ಅದನ್ನು ದಾಟಿದರು. ಮರುವರ್ಷ ಅದೇ ಹೆಸರಿನ ರೋಗ ಮಗಳು ಕೃಷ್ಣಾರನ್ನು ಕರೆದೊಯ್ದಿತು. ಬೆನ್ನ ಹಿಂದಿನ ದನಿ ನಿಂತ ಮೇಲೆಯೂ 2006ರ ಮಾರ್ಚಿನಲ್ಲಿ, ತಮ್ಮ ಗಾಯನದ ಎಪ್ಪತ್ತೈದನೇ ವರ್ಷದ ನೆನಪಿಗೆ, ಗಂಗೂಬಾಯಿ ವೇದಿಕೆ ಹತ್ತಿ ಹಾಡಿದರು. ಆಗ ವಯಸ್ಸು 93. ಅದೇ ಕೊನೆಯ ಕಚೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅಂಗದಾನದ ಅರಿವು ಜನರಲ್ಲಿ ಹೆಚ್ಚಲಿ ಎಂಬುದು ಅವರ ಆಸೆಯಾಗಿತ್ತು.

ಪಾಲಕರಿಗೆ, ಮಕ್ಕಳಿಗೆ

ದನಿ ಒಡೆಯುವ ವಯಸ್ಸಿನ ಹುಡುಗನನ್ನು ನಗಬೇಡಿ, ನಗುವವರ ಜೊತೆ ಸೇರಲೂಬೇಡಿ. ಆ ತಿಂಗಳುಗಳಲ್ಲಿ ಕಿರುಚಾಡದೆ, ಮೇಲಿನ ಸ್ವರಕ್ಕೆ ಎಳೆದಾಡದೆ, ಬರುವ ದನಿಯಲ್ಲಿ ಮೆಲ್ಲಗೆ ಹಾಡಲು ಬಿಡಿ. ನೀರು ಚೆನ್ನಾಗಿ ಕುಡಿಯಲಿ. ನೆಗಡಿಯಿಲ್ಲದೆ ಮೂರು ವಾರಕ್ಕೂ ಮೀರಿ ದನಿ ಕಟ್ಟಿಕೊಂಡರೆ ಮಾತ್ರ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ದಪ್ಪ ದನಿಯ ಹುಡುಗಿಗೆ ಗಂಗೂಬಾಯಿಯವರ ಒಂದು ಹಾಡು ಕೇಳಿಸಿ. ಮನಸ್ಸಿದ್ದರೆ ಕಲಿಕೆಗೆ ದಾರಿ ದೂರವಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಗೀತವೂ ಒಂದು ಅಧ್ಯಯನ ವಿಷಯ.

ಮಕ್ಕಳೇ, ನಿಮಗೊಂದು ಪ್ರಯೋಗ. ಊಟದ ಡಬ್ಬಿಯ ಮುಚ್ಚಳ ತೆಗೆದು ಅದರ ಬಾಯಿಗೆ ಅಡ್ಡಲಾಗಿ ಎರಡು ರಬ್ಬರ್ ಬ್ಯಾಂಡ್ ಹಾಕಿ. ಒಂದು ಸಣ್ಣದು, ಒಂದು ದಪ್ಪನೆಯದು, ಉದ್ದ ಎರಡರದೂ ಒಂದೇ ಇರಲಿ. ಮೀಟಿ ಕೇಳಿ. ದಪ್ಪನೆಯದರ ನಾದ ಕೆಳಗಿರುತ್ತದೆ. ಈಗ ಅದನ್ನೇ ಸ್ವಲ್ಪ ಎಳೆದು ಬಿಗಿಮಾಡಿ ಮೀಟಿ, ನಾದ ಮೇಲೇರುತ್ತದೆ. ನಿಮ್ಮ ಕೊರಳು ದಿನವೂ ಮಾಡುತ್ತಿರುವ ಕೆಲಸ ಇದು.

ಪ್ರಯೋಗ ಮುಗಿದ ಮೇಲೆ ನಾಳೆಯ ಪ್ರಾರ್ಥನೆಗೆ ಹೋಗಿ. ಹಿಂದಿನ ಸಾಲಿನಲ್ಲಿ ತುಟಿ ಅಲ್ಲಾಡಿಸುತ್ತ ನಿಂತ ಗೆಳೆಯನ ಪಕ್ಕದಲ್ಲಿ ನಿಲ್ಲಿ. ಹೇಳಿಕೊಡುವವರು ಶ್ರುತಿಯನ್ನು ಎರಡು ಸ್ವರ ಕೆಳಗಿಟ್ಟು ಎತ್ತಿದರೆ ಸಾಕು, ಅವನೂ ಹಾಡುತ್ತಾನೆ.